ಹಿನ್ನೀರಿನ ಮೇಲೆ ಸೋಲಾರ್: ಯೂನಿಟ್ಟಿಗೆ ಎಷ್ಟು ಬೀಳುತ್ತದೆ, ಲೆಕ್ಕ ಹಾಕುವುದು ಹೇಗೆ

ಪ್ಯಾನೆಲ್ ದರ ವಿಚಾರಿಸುವ ಮೊದಲು ಜಲಾಶಯದ ನೀರಿನ ಮಟ್ಟದ ಹತ್ತು ವರ್ಷದ ದಾಖಲೆ ತರಿಸಿಕೊಳ್ಳಿ. ಮಲೆನಾಡಿನಲ್ಲಿ ತೇಲುವ ಸೋಲಾರ್ ಗಿಟ್ಟುತ್ತದೋ ಇಲ್ಲವೋ ಎನ್ನುವುದು ಬಿಸಿಲಿನಷ್ಟೇ ನೀರಿನ ಏರಿಳಿತದ ಮೇಲೂ ನಿಂತಿದೆ.

ಶರಾವತಿಯ ಲಿಂಗನಮಕ್ಕಿ ಜಲಾಶಯ ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಮಡೆನೂರಿನ ಹಳೆಯ ಅಣೆಕಟ್ಟೇ ನೀರಿನಿಂದ ಮೇಲೆದ್ದು ಕಾಣುತ್ತದೆ. ಆಗ ದಡದ ಕಡೆಯ ಫ್ಲೋಟ್‌ಗಳು (ಪ್ಯಾನೆಲ್ ಹೊತ್ತು ತೇಲುವ ಡಬ್ಬಿಗಳು) ಕೆಸರಿನ ಮೇಲೋ ಮುಳುಗಡೆ ಮರಗಳ ಬೊಡ್ಡೆಯ ಮೇಲೋ ಕೂರುತ್ತವೆ. ಬೊಡ್ಡೆ ತಿವಿದರೆ ಫ್ಲೋಟ್ ಸೀಳಿತು ಎಂದೇ ಲೆಕ್ಕ. ಹಾಗಾಗಿ ತುಂಬಿದ ಹಿನ್ನೀರಿನ ವಿಸ್ತೀರ್ಣ ನೋಡಿ ಮರುಳಾಗಬೇಡಿ. ಅತಿ ಕಡಿಮೆ ಮಟ್ಟದಲ್ಲೂ ಎರಡು ಮೂರು ಮೀಟರ್ ನೀರು ನಿಲ್ಲುವ ಜಾಗವನ್ನಷ್ಟೇ ಗುರುತು ಮಾಡಿ. ಅದರಲ್ಲಿ ಲಾಂಚ್ ದಾರಿ, ಬಲೆ ಬೀಸುವ ಜಾಗ, ಗೇಟಿನ ಆಸುಪಾಸು ಕಳೆಯಿರಿ. ಉಳಿದದ್ದರಲ್ಲಿ ಮೆಗಾವ್ಯಾಟಿಗೆ 5 ಎಕರೆ ಹಿಡಿಯಿರಿ; ತೆಲಂಗಾಣದ ರಾಮಗುಂಡಂನಲ್ಲಿ 100 ಮೆಗಾವ್ಯಾಟ್ ಘಟಕ ಹರಡಿರುವುದು 500 ಎಕರೆಯಲ್ಲಿ.

ಏರಿಳಿತ ಕಡಿಮೆ ಇರುವ ಸಮತೋಲನ ಜಲಾಶಯವೇ ವಾಸಿ ಎಂದು ಲಿಂಗನಮಕ್ಕಿಯ ನೀರು ಹಾದುಹೋಗುವ ತಲಕಳಲೆಯತ್ತ ಕಣ್ಣು ಹೋಗುವುದು ಸಹಜ. ಆದರೆ 2000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲೆತ್ತಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ಮಾಡುವ) ಯೋಜನೆಗೆ ಅದೇ ಮೇಲಿನ ಜಲಾಶಯ. ಆ ಯೋಜನೆ ನಡೆದರೆ ಅಲ್ಲಿ ನೀರು ದಿನವೂ ಏರಿಳಿಯುತ್ತದೆ.

ಏರಿಳಿತಕ್ಕೆ ಇಷ್ಟು ಹೆದರುವುದು ಲಂಗರಿನ ಕಾರಣಕ್ಕೆ. 20 ಮೀಟರ್ ಆಳದಲ್ಲಿ 25 ಮೀಟರ್ ಹಗ್ಗ ಕಟ್ಟಿದರೆ, ಲಂಗರಿನ ನೇರಕ್ಕಿಂತ ಫ್ಲೋಟ್ 15 ಮೀಟರ್ ಆಚೆಗೆ ಸರಿಯಬಹುದು. ನೀರು 5 ಮೀಟರಿಗೆ ಇಳಿದಾಗ ಅದೇ ಹಗ್ಗ ಇಪ್ಪತ್ತನಾಲ್ಕೂವರೆ ಮೀಟರ್ ಬಿಟ್ಟುಕೊಡುತ್ತದೆ. ಗಾಳಿಗೆ ಇಡೀ ಸಾಲು ತಿರುಗಿ, ದಡಕ್ಕೆ ಎಳೆದ ಕೇಬಲ್ ಜಗ್ಗಿ ಕಿತ್ತುಬರುತ್ತದೆ. ಪರಿಹಾರ ಎರಡು: ಹಿಗ್ಗಿ ಕುಗ್ಗುವ ಲಂಗರು ಹಗ್ಗ, ಇಲ್ಲವೇ ಮಟ್ಟ ಬದಲಾದಂತೆ ಹಗ್ಗ ಬಿಗಿದು ಸಡಿಲಿಸುವ ವಿಂಚ್. ಎರಡೂ ದುಬಾರಿ. ಕೊಟೇಶನ್‌ನಲ್ಲಿ ಈ ಸಾಲು ಕಾಣದಿದ್ದರೆ ಅದನ್ನು ವಾಪಸ್ ಕಳಿಸಿ.

ಈಗ ದುಡ್ಡು. ಮಾದರಿಗೆ 1 ಮೆಗಾವ್ಯಾಟಿಗೆ 5.5 ಕೋಟಿ ಎಂದುಕೊಳ್ಳಿ. ಬಡ್ಡಿ ಶೇ 10, ಅವಧಿ 25 ವರ್ಷ ಆದರೆ ವರ್ಷದ ಕಂತು ಸುಮಾರು 60.6 ಲಕ್ಷ. ನಿರ್ವಹಣೆಗೆ 8 ಲಕ್ಷ ಸೇರಿಸಿ: 68.6 ಲಕ್ಷ. ಸಾಮರ್ಥ್ಯದ ಶೇ 17ರಷ್ಟು ಉತ್ಪಾದನೆ ಬಂದರೆ ವರ್ಷಕ್ಕೆ 14.9 ಲಕ್ಷ ಯೂನಿಟ್, ಯೂನಿಟ್ಟಿಗೆ 4.60 ರೂಪಾಯಿ. ಮಳೆಗಾಲದ ಮೋಡ ಶೇ 15ಕ್ಕೆ ಇಳಿಸಿದರೆ 5.22. ಎರಡೇ ಅಂಶ ಇಳಿದದ್ದಕ್ಕೆ 62 ಪೈಸೆ! ಅದಕ್ಕೇ ಲಿಂಗನಮಕ್ಕಿ ಬಳಿಯ, ಮೋಡ ಹೆಚ್ಚಿರುವ ಕಾರ್ಗಲ್ ಕಡೆಯ ಜಾಗಕ್ಕೆ ಶಿವಮೊಗ್ಗ ಪೇಟೆಯ ಬಿಸಿಲಿನ ಅಂಕಿ ಹಾಕಬಾರದು. ಪ್ಯಾನೆಲ್ ವರ್ಷಕ್ಕೆ ಶೇ 0.5ರಷ್ಟು ಸವೆಯುವುದನ್ನು ಮೇಲಿನ ಲೆಕ್ಕದಲ್ಲಿ ಹಿಡಿದಿಲ್ಲ, ನೀವು ಹಿಡಿಯಿರಿ. ಸಬ್‌ಸ್ಟೇಷನ್‌ವರೆಗಿನ ಲೈನ್ ದೂರವಾಗಿ 60 ಲಕ್ಷ ಹೆಚ್ಚು ಬಿದ್ದರೆ ಇನ್ನೂ 44 ಪೈಸೆ. ಕಾಡಿನೊಳಗೆ ಕಂಬ ನೆಡಬೇಕಾದರೆ ಅನುಮತಿಗೆ ಹಿಡಿಯುವ ಸಮಯಕ್ಕೂ ಬಡ್ಡಿ ಓಡುತ್ತಿರುತ್ತದೆ.

ನೀರು ಆವಿಯಾಗುವುದು ಉಳಿಯುತ್ತದೆ ಎಂಬ ಮಾತನ್ನು ಮಾರಾಟಗಾರರು ತಪ್ಪದೆ ಹೇಳುತ್ತಾರೆ. ಒಂದು ಹೆಕ್ಟೇರ್ ಮುಚ್ಚಿ ವರ್ಷಕ್ಕೆ ಒಂದು ಮೀಟರ್ ನೀರು ಪೂರ್ತಿ ಉಳಿದರೂ 10,000 ಘನ ಮೀಟರ್. ಶರಾವತಿಯ ಸುಮಾರು 440 ಮೀಟರ್ ಎತ್ತರದಿಂದ ಬಿದ್ದರೆ ಒಂದು ಘನ ಮೀಟರಿಗೆ ಹೆಚ್ಚುಕಡಿಮೆ ಒಂದು ಯೂನಿಟ್. ಮೆಗಾವ್ಯಾಟಿನ 5 ಎಕರೆ ಎಂದರೆ ಸುಮಾರು ಎರಡು ಹೆಕ್ಟೇರ್; ಅಂದರೆ 14.9 ಲಕ್ಷ ಯೂನಿಟ್ಟಿನ ಮುಂದೆ 20,000! ನಿಜವಾದ ಲಾಭ ಬೇರೆಡೆ ಇದೆ: ಹಗಲು ಸೋಲಾರ್ ಓಡಿಸಿ, ನೀರನ್ನು ಸಂಜೆಯ ಬೇಡಿಕೆಗೆ ಇಟ್ಟುಕೊಳ್ಳಬಹುದು. ಸಬ್‌ಸ್ಟೇಷನ್‌ನಲ್ಲಿ ಜಾಗ ಇದ್ದರೆ ಹೊಸ ಲೈನಿನ ಖರ್ಚೂ ತಪ್ಪುತ್ತದೆ.

ನಿರ್ವಹಣೆಯ 8 ಲಕ್ಷದಲ್ಲಿ ದೋಣಿ, ಲೈಫ್ ಜಾಕೆಟ್, ಇಬ್ಬರು ಕೆಲಸದವರು ಇರಲೇಬೇಕು. ಮಳೆಗಾಲ ಮುಗಿದ ಕೂಡಲೇ ಪ್ಯಾನೆಲ್ಲಿನ ಕೆಳ ಅಂಚು ನೋಡಿ. ಬೆರಳಗಲ ಪಾಚಿ ಕಟ್ಟಿರುತ್ತದೆ, ಆ ನೆರಳಿಗೇ ಒಂದು ಸಾಲು ಸೆಲ್ ಮಲಗುತ್ತದೆ. ಮೆತ್ತನೆ ಬ್ರಷ್ ಸಾಕು, ತಂತಿ ಬ್ರಷ್ ಬೇಡ. ನೀರುಕಾಗೆಗಳ ಹಿಕ್ಕೆ ಒಣಗುವ ಮೊದಲೇ ತೊಳೆಯಿರಿ. ಬೆಳಿಗ್ಗೆ ಇನ್ವರ್ಟರ್ ಚಾಲೂ ಆಗದೆ, ಹತ್ತು ಗಂಟೆಗೆ ತಾನೇ ಸರಿಹೋದರೆ ಮೊದಲು ಕನೆಕ್ಟರ್‌ಗಳನ್ನು ಅನುಮಾನಿಸಿ: ಕೇಬಲ್ ಜೋತುಬಿದ್ದು ಕನೆಕ್ಟರ್ ನೀರಿಗೆ ತಾಗಿರುತ್ತದೆ ಇಲ್ಲವೇ ಇಬ್ಬನಿ ಒಳಹೊಕ್ಕಿರುತ್ತದೆ. ಇನ್ಸುಲೇಷನ್ ಅಳೆದು ಕರೆಂಟ್ ಸೋರುವ ಸಾಲು ಪತ್ತೆಮಾಡಿ, ಕನೆಕ್ಟರ್ ಬದಲಿಸಿ, ಕೇಬಲನ್ನು ಫ್ರೇಮಿಗೆ ಎತ್ತಿ ಕಟ್ಟಿ.