ಒಂದು ಕಪ್ ಸೊಪ್ಪು ಅಂದ್ರೆ ಎಷ್ಟು ಗ್ರಾಂ?

ನಾಲ್ಕು ಜನಕ್ಕೆ ಮಾಡೋ ಮೆಂತ್ಯ ಸೊಪ್ಪಿನ ಬಾತನ್ನ ಒಂದ್ಸಲ 20 ಜನಕ್ಕೆ ಮಾಡ್ಬೇಕಾಯ್ತು, ಬುಕ್ಕಲ್ಲಿ "2 ಕಪ್ ಸೊಪ್ಪು" ಅಂತಿತ್ತು, ನಾನು 10 ಕಪ್ ಅಂತ ಲೆಕ್ಕ ಹಾಕಿ ಪ್ರತಿ ಕಪ್ಪನ್ನೂ ಒತ್ತಿ ಒತ್ತಿ ತುಂಬ್ಬಿಟ್ಟೆ. ಬಾತ್ ಕಹಿ ಆಗೋಯ್ತು, ಮಕ್ಕಳು ಮುಟ್ಲೇ ಇಲ್ಲ. ಅವತ್ತಿಂದ ಸೊಪ್ಪು ತೂಕ ಮಾಡೇ ಹಾಕ್ತೀನಿ.

ನೀರಾದ್ರೆ 1 ಕಪ್ ಅಂದ್ರೆ 240 ಮಿಲಿ, ತೂಕಾನೂ 240 ಗ್ರಾಂ. ಸೊಪ್ಪಲ್ಲಿ ಎಲೆಗಳ ಮಧ್ಯೆ ಗಾಳಿನೇ ಜಾಸ್ತಿ. ಅದೇ ಕಪ್ಪಿಗೆ ಸಬ್ಬಸಿಗೆ ಎಸಳು ಹಗುರಕ್ಕೆ ತುಂಬಿದ್ರೆ ಸುಮಾರು 9 ಗ್ರಾಂ, ಬಿಡಿಸಿದ ಕೊತ್ತಂಬರಿ 16, ಪಾಸ್ತಾಗೆ ಹಾಕೋ ಬೇಸಿಲ್ ಎಲೆ 24ರ ಹತ್ರ, ಹೆಚ್ಚಿದ ಪಾರ್ಸ್ಲಿ ಆದ್ರೆ 60 ಗ್ರಾಂ! ಹಂಗಾಗಿ ಎಲ್ಲಾ ಸೊಪ್ಪಿಗೂ ಒಂದೇ ಲೆಕ್ಕ ನಡೆಯಲ್ಲ, ನಿಮ್ಮ ಕಪ್ಪು ನಿಮ್ಮ ಕೈ ಹೆಂಗೋ ಹಂಗೆ ನೀವೇ ಒಂದ್ಸಲ ತೂಗಿ ಬರೆದಿಟ್ಕೊಳ್ಳಿ.

ಸೊಪ್ಪು ತೊಳೆದು ಬಟ್ಟೆ ಮೇಲೆ ಹರವಿ ಚೆನ್ನಾಗಿ ಆರಿಸಿ, ಇದನ್ನ ಮಾತ್ರ ಬಿಡ್ಬೇಡಿ, ಸಬ್ಬಸಿಗೆ ಎಸಳಲ್ಲಿ ನಿಂತಿರೋ ನೀರೂ ತೂಕಕ್ಕೆ ಸೇರ್ಕೊಳ್ಳತ್ತೆ. ಆಮೇಲೆ ದಂಟು ಬಿಡಿಸಿ, ಖಾಲಿ ಕಪ್ಪನ್ನ ಸ್ಕೇಲ್ ಮೇಲಿಟ್ಟು ಟೇರ್ ಬಟನ್ ಒತ್ತಿ ಸೊನ್ನೆ ಮಾಡಿ. ಎಲೆ ಹಂಗೇ ಉದುರಿಸಿ ತುಂಬಿ, ತೂಕ ಬರ್ಕೊಳ್ಳಿ. ಅದನ್ನೇ ಬೆರಳಲ್ಲಿ ಒತ್ತಿ, ಮೇಲೆ ಇನ್ನಷ್ಟು ಹಾಕಿ ತುಂಬಿ ಇನ್ನೊಂದ್ಸಲ, ಸಣ್ಣಗೆ ಹೆಚ್ಚಿ ಮತ್ತೊಂದ್ಸಲ. ಒಂದೇ ಕಪ್ಪು, ಒಂದೇ ಸೊಪ್ಪು, ಮೂರು ನಂಬರು ಬೇರೆ ಬೇರೆ ಬರತ್ತೆ ನೋಡಿ.

ಅದಕ್ಕೇ ರೆಸಿಪಿ ಓದುವಾಗ "ಹೆಚ್ಚಿದ ಕೊತ್ತಂಬರಿ 1 ಕಪ್" ಅಂತಿದ್ಯಾ, "ಕೊತ್ತಂಬರಿ 1 ಕಪ್, ಹೆಚ್ಚಿ ಹಾಕಿ" ಅಂತಿದ್ಯಾ ಅಂತ ಗಮನಿಸಿ. ಮೊದಲನೇದ್ರಲ್ಲಿ ಹೆಚ್ಚಿ ಅಳೀಬೇಕು, ಎರಡನೇದ್ರಲ್ಲಿ ಅಳೆದು ಹೆಚ್ಬೇಕು, ಸೊಪ್ಪು ಎರಡನೇದಕ್ಕೆ ಕಮ್ಮಿ ಹೋಗತ್ತೆ.

ಚಮಚದ ಲೆಕ್ಕ ಇದ್ರೆ, 1 ಟೇಬಲ್ ಚಮಚ 15 ಮಿಲಿ, 16 ಚಮಚಕ್ಕೆ ಒಂದು ಕಪ್. ಮನೆ ಸ್ಕೇಲು ಒಂದೆರಡು ಗ್ರಾಂ ಸರಿಯಾಗಿ ತೋರ್ಸಲ್ಲ, ಅದಕ್ಕೆ 10 ಚಮಚ ಒಟ್ಟಿಗೆ ತೂಗಿ 10ರಿಂದ ಭಾಗಿಸಿ.

"1 ಕಟ್ಟು" ಅಂತ ಬರೆದಿದ್ರೆ ಕಟ್ಟನ್ನ ಹಂಗೇ ತೂಗ್ಬೇಡಿ, ಬೇರು ಮಣ್ಣು ದಂಟು ಎಲ್ಲಾ ಸೇರ್ಕೊಂಡಿರತ್ತೆ, ಬಿಡಿಸಿದ ಎಲೆದೇ ತೂಕ ಬರೀರಿ. ಪುದೀನಕ್ಕಂತೂ ಇದು ಬೇಕೇಬೇಕು, ಅರ್ಧ ತೂಕ ದಂಟಲ್ಲೇ ಹೋಗತ್ತೆ.

ಇನ್ನು ಹಸಿ ಮೆಂತ್ಯ ಸೊಪ್ಪಿನ ಬದ್ಲು ಕಸೂರಿ ಮೇಥಿ (ಒಣಗಿಸಿದ ಮೆಂತ್ಯ ಸೊಪ್ಪು) ಹಾಕೋರು 3 ಚಮಚಕ್ಕೆ 1 ಚಮಚ ಅಂತಾರಲ್ಲ, ಅದು ಚಮಚದ ಲೆಕ್ಕ ಅಷ್ಟೇ. ಹಸಿ ಸೊಪ್ಪಲ್ಲಿ ಬಹುಪಾಲು ನೀರೇ ಇರೋದ್ರಿಂದ 30 ಗ್ರಾಂ ಸೊಪ್ಪಿಗೆ 10 ಗ್ರಾಂ ಕಸೂರಿ ಮೇಥಿ ಹಾಕಿದ್ರೆ ತುಂಬಾ ಜಾಸ್ತಿ ಆಗತ್ತೆ, ಮತ್ತೆ ಅದೇ ಕಹಿ.