ಆಫೀಸಿಗೆ ಸೈಕಲ್: ದೊಡ್ಡವರಾದ ಮೇಲೆ ಕಲಿತು ಹೊರಡುವುದು ಹೇಗೆ?

ಬೆಂಗಳೂರಿನಲ್ಲಿ ಮನೆಯಿಂದ ಆಫೀಸಿಗೆ ಆರೇಳು ಕಿಲೋಮೀಟರ್ ಇದ್ದರೆ ಸೈಕಲ್‌ನಲ್ಲಿ ಅರ್ಧ ಗಂಟೆಯಿಂದ ನಲವತ್ತು ನಿಮಿಷ ಸಾಕು. ಗಂಟೆಗೆ 12ರಿಂದ 15 ಕಿ.ಮೀ. ವೇಗ ಹೊಸಬರಿಗೂ ಕಷ್ಟವಲ್ಲ. ಊರು ಸಮುದ್ರಮಟ್ಟದಿಂದ 900 ಮೀಟರ್‌ ಎತ್ತರದಲ್ಲಿ ಇರುವುದರಿಂದ ವರ್ಷದ ಬಹುಪಾಲು ದಿನ ಬೆಳಗಿನ ಹವೆಯೂ ತಂಪು. ಕಾಲಿಗೆ ಶಕ್ತಿಯಿಲ್ಲದೆ ಸೈಕಲ್ ಸಹವಾಸ ಬಿಟ್ಟವರು ಕಡಿಮೆ. ಹ್ಯಾಂಡಲ್ ಮೇಲೆ ಹಿಡಿತ ಬರುವ ಮೊದಲೇ ರಸ್ತೆಗಿಳಿದು, ಅದೂ ಸ್ಕೂಟರ್ ಓಡಿಸುವ ದಾರಿಯಲ್ಲೇ ಹೋಗಿ, ಹೆದರಿ ಬಿಟ್ಟವರೇ ಹೆಚ್ಚು.

ಯಾವ ಸೈಕಲ್?

ದಪ್ಪ ಟೈರು, ಮುಂದೆ ಸಸ್ಪೆನ್ಷನ್ ಇರುವ ಎಂಟಿಬಿ (ಮೌಂಟನ್ ಬೈಕ್) ಅಂಗಡಿಯಲ್ಲಿ ಕಣ್ಣಿಗೆ ಬೀಳುವುದು ನಿಜ. ಆದರೆ ಅಗ್ಗದ ಸಸ್ಪೆನ್ಷನ್ ತೂಕ ಹೆಚ್ಚಿಸುತ್ತದೆ, ಏರಿನಲ್ಲಿ ತುಳಿದ ಬಲವನ್ನೂ ನುಂಗುತ್ತದೆ. ಆಫೀಸಿಗೆ ಹೈಬ್ರಿಡ್ ಸೈಕಲ್ ಸರಿ: ಸಸ್ಪೆನ್ಷನ್ ಇಲ್ಲದ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು), 700x35 (ಅಂದರೆ 35 ಎಂ.ಎಂ. ಅಗಲ) ಅಥವಾ ಅದಕ್ಕಿಂತ ಸ್ವಲ್ಪ ಅಗಲದ ಟೈರು, ಹಿಂದೆ ಏಳೆಂಟು ಗೇರು, ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ತೂತು. ಕೊಳ್ಳುವ ಮುನ್ನ ಫ್ರೇಮಿನ ಮೇಲಿನ ಕೊಳವೆಯ ಎರಡೂ ಬದಿಗೆ ಕಾಲು ಹಾಕಿ ನಿಲ್ಲಿ. ಕೊಳವೆಗೂ ತೊಡೆಸಂದಿಗೂ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಇರಲೇಬೇಕು.

ಮೈದಾನದಲ್ಲಿ ಮೊದಲ ಪಾಠ

ಹಿಂದೆ ಒಬ್ಬರು ಸೀಟು ಹಿಡಿದು ಓಡುವ ಪದ್ಧತಿ ಬೇಡ. ಸಮತೋಲನ ಅವರ ಕೈಯಲ್ಲಿ ಉಳಿಯುತ್ತದೆ, ನಿಮಗೆ ಬರುವುದಿಲ್ಲ. ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ಇಳಿಸಿ, 15ನೇ ನಂಬರ್ ಸ್ಪ್ಯಾನರ್‌ನಿಂದ ಪೆಡಲ್ ಎರಡನ್ನೂ ಬಿಚ್ಚಿ. ಇಲ್ಲೊಂದು ವಿಷಯ ತಿಳಿದಿರಲಿ: ಬಲ ಪೆಡಲ್ ಎಲ್ಲ ಬೋಲ್ಟಿನಂತೆ ಎಡಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ, ಎಡ ಪೆಡಲ್‌ನ ಮರೆ (ತಿರುಪಿನ ಸುತ್ತುಗೆರೆ) ಉಲ್ಟಾ, ಅದನ್ನು ಬಲಕ್ಕೆ ತಿರುಗಿಸಬೇಕು. ವಾಪಸ್ ಹಾಕುವಾಗ ಮೊದಲು ಬೆರಳಿನಿಂದಲೇ ತಿರುಗಿಸಿ. ಓರೆಯಾಗಿ ಕೂತ ಪೆಡಲ್‌ಗೆ ಸ್ಪ್ಯಾನರ್ ಬಲ ಹಾಕಿದರೆ ಪೆಡಲ್ ಕೂರುವ ತೋಳಾದ ಕ್ರ್ಯಾಂಕಿನ ಮರೆ ಸವೆದು ಕ್ರ್ಯಾಂಕೇ ಬದಲಿಸಬೇಕಾಗುತ್ತದೆ.

ಈಗ ಸಣ್ಣ ಇಳಿಜಾರಿರುವ ಮೈದಾನದಲ್ಲಿ ಕಾಲಿನಿಂದ ನೆಲ ಒದ್ದು ಒದ್ದು ಜಾರಿಕೊಂಡು ಹೋಗಿ. ನೋಟ ಹತ್ತು ಮೀಟರ್ ಮುಂದಿರಲಿ, ಮುಂದಿನ ಚಕ್ರ ನೋಡುತ್ತ ಹೋದರೆ ವಾಲುವುದು ಖಂಡಿತ. ಯಾವ ಕಡೆ ಬೀಳುವಂತಾಗುತ್ತದೋ ಆ ಕಡೆಗೇ ಹ್ಯಾಂಡಲ್ ತುಸು ತಿರುಗಿಸಿದರೆ ಸೈಕಲ್ ತಾನೇ ನೆಟ್ಟಗಾಗುತ್ತದೆ. ಹದಿನೈದಿಪ್ಪತ್ತು ಮೀಟರ್ ಕಾಲೂರದೆ ಸಾಗಿದರೆ ಪೆಡಲ್ ಹಾಕಬಹುದು.

ತುಳಿಯುವುದು ಬಂದರೆ ಕಲಿಕೆ ಮುಗಿಯಿತು ಎಂದುಕೊಳ್ಳಬೇಡಿ. ರಸ್ತೆಗೆ ಬೇಕಾದ ಮೂರು ಕೆಲಸ ಇನ್ನೂ ಬಾಕಿ: ನೇರ ಗೆರೆ ಬಿಡದೆ ಬಲ ಭುಜದ ಮೇಲಿಂದ ಹಿಂದೆ ನೋಡುವುದು, ಒಂದು ಕೈ ಬಿಟ್ಟು ಸಿಗ್ನಲ್ ತೋರಿಸುವುದು, ಅಂದುಕೊಂಡ ಜಾಗದಲ್ಲಿ ನಿಲ್ಲಿಸುವುದು. ಹಿಂದೆ ತಿರುಗಿದಾಗ ಸೈಕಲ್ ಬಲಕ್ಕೆ ಎಳೆದರೆ ನೀವು ಹ್ಯಾಂಡಲ್‌ಗೆ ಭಾರ ಕೊಡುತ್ತಿದ್ದೀರಿ ಎಂದರ್ಥ, ಮೊಣಕೈ ಸಡಿಲ ಬಿಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು, ಆದರೂ ಹೊರಡುವ ಮುನ್ನ ಒತ್ತಿ ನೋಡಿ. ಸೈಕಲ್ ನಿಲ್ಲಿಸುವ ಬಲ ಹೆಚ್ಚಿಗೆ ಬರುವುದು ಮುಂದಿನ ಬ್ರೇಕಿನಿಂದಲೇ. ಅದಕ್ಕೆ ಹೆದರಿ ಹಿಂದಿನದನ್ನಷ್ಟೇ ಹಿಡಿದರೆ ಚಕ್ರ ಜಾರುತ್ತದೆ. ಎರಡನ್ನೂ ಒಟ್ಟಿಗೆ, ಮೆಲ್ಲನೆ ಬಿಗಿ ಮಾಡುತ್ತ, ಮೈ ಹಿಂದಕ್ಕೆ ಸರಿಸಿ ಹಿಡಿಯಿರಿ. ಈ ಮೂರೂ ಸಲೀಸಾಗುವವರೆಗೆ ಮೈದಾನ ಬಿಡಬೇಡಿ, ಎಷ್ಟು ವಾರವಾದರೂ ಸರಿ.

ಸೀಟು ಏರಿಸಿ

ಕಲಿಯುವಾಗ ಇಳಿಸಿದ ಸೀಟಿನಲ್ಲೇ ಆಫೀಸಿಗೆ ಹೊರಟರೆ ತಿಂಗಳೊಳಗೆ ಮಂಡಿಚಿಪ್ಪಿನ ಸುತ್ತ ನೋವು ಶುರುವಾಗಬಹುದು. ಸೀಟಿನ ಮೇಲೆ ಕೂತು, ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಹಾಗಿದ್ದರೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸರಿಯಾಗಿ, ತುಸುವೇ ಮಡಿಯುತ್ತದೆ. ಸೊಂಟ ಅತ್ತಿತ್ತ ಕುಲುಕಿದರೆ, ಮಂಡಿಯ ಹಿಂಭಾಗ ನೋಯುತ್ತಿದ್ದರೆ ಸೀಟಿನ ಎತ್ತರ ಹೆಚ್ಚಾಯಿತು. ಈ ಎತ್ತರದಲ್ಲಿ ಕೂತಲ್ಲಿಂದ ಪಾದ ಪೂರ್ತಿ ನೆಲಕ್ಕೆ ಸಿಗುವುದಿಲ್ಲ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ನಿಲ್ಲುವುದೇ ಸರಿಯಾದ ಕ್ರಮ.

ಗೇರಿನ ಬಗ್ಗೆ ಇಷ್ಟೇ: ನಿಮಿಷಕ್ಕೆ ಎಪ್ಪತ್ತು ಸುತ್ತು ತುಳಿಯುವಷ್ಟು ಹಗುರ ಗೇರಿನಲ್ಲಿರಿ. ಏರು ಶುರುವಾಗುವ ಮೊದಲೇ, ಸಿಗ್ನಲ್‌ನಲ್ಲಿ ನಿಲ್ಲುವ ಮೊದಲೇ ಗೇರು ಇಳಿಸಿ. ಕಾಲಿನ ಬಲವೆಲ್ಲ ಹಾಕಿ ತುಳಿಯುತ್ತಿರುವಾಗ ಬದಲಿಸಿದರೆ ಚೈನ್ ಕಳಚಬಹುದು.

ದಾರಿ ಬೇರೆಯೇ ಇರಲಿ

ರಿಂಗ್ ರೋಡು, ಫ್ಲೈಓವರು, ಅಂಡರ್‌ಪಾಸು ಬಿಟ್ಟು ಒಳಗಿನ ಮೇನ್–ಕ್ರಾಸ್‌ಗಳಲ್ಲಿ ದಾರಿ ಹುಡುಕಿ. ಜಯನಗರ, ಬಸವನಗುಡಿ, ಮಲ್ಲೇಶ್ವರದಂಥ ಹಳೇ ಬಡಾವಣೆಗಳಲ್ಲಿ ಅಡ್ಡರಸ್ತೆ ಒಂದಕ್ಕೊಂದು ಕೂಡಿರುವುದರಿಂದ ಇದು ಸುಲಭ. ದೂರ ಒಂದೂವರೆ ಕಿ.ಮೀ. ಹೆಚ್ಚಾದರೂ ಲಾಭವೇ. ಒಂದು ಭಾನುವಾರ ಬೆಳಿಗ್ಗೆ ಇಡೀ ದಾರಿ ಹೋಗಿ ಬಂದು ನೋಡಿ. ಸ್ಕೂಟರಿನಲ್ಲಿ ಗೊತ್ತೇ ಆಗದ ಏರು ಆಗ ತಿಳಿಯುತ್ತದೆ. ಮೊದಲ ತಿಂಗಳು ವಾರಕ್ಕೆರಡು ದಿನ ಹೋದರೆ ಸಾಕು.

ರಸ್ತೆಯಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪು, ಚರಂಡಿಯಂಚಿಗೆ ಅಂಟಿಕೊಂಡು ಹೋಗುವುದು. ಮರಳು, ಗಾಜಿನ ಚೂರು, ಚರಂಡಿ ಜಾಲರಿ ಎಲ್ಲ ಇರುವುದು ಅಲ್ಲೇ. ಜೊತೆಗೆ, ಅಂಚಿನಲ್ಲಿದ್ದೀರೆಂದು ಕಂಡರೆ ಕಾರಿನವರು ಒತ್ತರಿಸಿಕೊಂಡೇ ಮುಂದೆ ಹೋಗುತ್ತಾರೆ. ಅಂಚಿನಿಂದ ಒಂದು ಮೀಟರ್ ಒಳಗೆ, ನೇರವಾಗಿ ಸಾಗಿ. ನಿಂತ ಕಾರುಗಳ ಸಾಲಿನಿಂದಲೂ ಅಷ್ಟೇ ದೂರವಿರಿ. ಡ್ರೈವರ್ ಬಾಗಿಲು ತೆರೆದುಕೊಳ್ಳುವುದು ನಿಮ್ಮ ಕಡೆಗೆ. ಕಾರಿನ ನಡುವಿನ ಖಾಲಿ ಜಾಗಕ್ಕೆ ನುಗ್ಗಿ ಮತ್ತೆ ಹೊರಬರುವ ಹಾವಿನ ನಡೆ ಬೇಡ.

ಬಿಎಂಟಿಸಿ ಬಸ್ಸಿನ ಎಡಕ್ಕೆ ಎಂದಿಗೂ ತೂರಬೇಡಿ. ಅದು ನಿಲ್ದಾಣಕ್ಕೆ ಎಳೆದಾಗಲೋ ಎಡಕ್ಕೆ ತಿರುಗಿದಾಗಲೋ ನೀವು ಡ್ರೈವರ್ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ವೃತ್ತದಲ್ಲಿ ಬಲಕ್ಕೆ ತಿರುಗಬೇಕಿದ್ದರೆ ಎಡಬದಿಯಲ್ಲೇ ನೇರ ದಾಟಿ ನಿಂತು, ಅಡ್ಡ ರಸ್ತೆಗೆ ಹಸಿರು ಬಂದಾಗ ಹೊರಡಿ. ಇಳಿದು ತಳ್ಳಿಕೊಂಡು ದಾಟಿದರೂ ಅವಮಾನವೇನಿಲ್ಲ.

ಹೆಲ್ಮೆಟ್ ಹುಬ್ಬಿಗಿಂತ ಎರಡು ಬೆರಳು ಮೇಲಿರಲಿ, ಪಟ್ಟಿ ಕಿವಿಯ ಕೆಳಗೆ ಕೂಡಲಿ. ಮುಂದೆ ಬಿಳಿ, ಹಿಂದೆ ಕೆಂಪು ಲೈಟು ಮಬ್ಬುಗತ್ತಲಾದ ಕೂಡಲೇ ಉರಿಯಲಿ. ಬ್ಯಾಗು ಬೆನ್ನಿಗಿಂತ ಕ್ಯಾರಿಯರ್ ಮೇಲಿದ್ದರೆ ಅಂಗಿ ಬೆವರಿನಲ್ಲಿ ತೊಯ್ಯುವುದು ಕಡಿಮೆ. ಹದಿನೈದು ನಿಮಿಷ ಮೊದಲೇ ತಲುಪಿ, ಬೆವರು ಆರಿದ ಮೇಲೆ ಬಟ್ಟೆ ಬದಲಿಸಿ.

ಗಾಳಿ ಮತ್ತು ಪಂಕ್ಚರ್

ವಾರಕ್ಕೊಮ್ಮೆ ಗಾಳಿ ನೋಡಲೇಬೇಕು. ಟೈರಿನ ಬದಿಯಲ್ಲೇ ಮಿತಿ ಬರೆದಿರುತ್ತದೆ, 35 ಎಂ.ಎಂ. ಟೈರಿಗೆ 50ರಿಂದ 70 ಪಿಎಸ್‌ಐ ನಡುವೆ ಸಾಕು. ಗಾಳಿ ಕಡಿಮೆಯಿದ್ದು ಗುಂಡಿಗೆ ಬಿದ್ದರೆ ರಿಮ್ಮಿಗೂ ನೆಲಕ್ಕೂ ನಡುವೆ ಟ್ಯೂಬು ಸಿಕ್ಕಿ ಅಕ್ಕಪಕ್ಕ ಎರಡು ತೂತಾಗುತ್ತದೆ. ಒಂದೇ ತೂತಿದ್ದರೆ ನೆಗ್ಗಿಲು ಮುಳ್ಳೋ ತಂತಿಯ ಚೂರೋ ಹೊಕ್ಕಿರಬಹುದು. ಹೊಸ ಟ್ಯೂಬು ಹಾಕುವ ಮುನ್ನ ಟೈರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಸುತ್ತ ಸವರಿ ನೋಡಿ. ಮುಳ್ಳು ಅಲ್ಲೇ ಉಳಿದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ. ಬಿಡಿ ಟ್ಯೂಬು, ಟೈರು ಬಿಚ್ಚುವ ಎರಡು ಟೈರ್ ಲಿವರು, ಸಣ್ಣ ಪಂಪು ಸದಾ ಬ್ಯಾಗಿನಲ್ಲಿರಲಿ. ಪಂಪು ನಿಮ್ಮ ವಾಲ್ವಿಗೆ ಹೊಂದುತ್ತದೋ ಎಂದು ಕೊಳ್ಳುವಾಗಲೇ ನೋಡಿ.

ಮಳೆಗಾಲಕ್ಕೆ ಎರಡೂ ಚಕ್ರಕ್ಕೆ ಮಡ್‌ಗಾರ್ಡ್ ಹಾಕಿಸಿ. ಚಕ್ರದ ರಿಮ್ಮನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕ್ ನೆನೆದರೆ ತಡವಾಗಿ ಹಿಡಿಯುತ್ತದೆ, ನಿಲ್ಲಿಸಬೇಕಾದ ಜಾಗಕ್ಕೆ ಸಾಕಷ್ಟು ಮೊದಲೇ ಮೆಲ್ಲಗೆ ಒತ್ತಿ ರಿಮ್ ಒರೆಸಿಕೊಳ್ಳಿ. ನೀರು ನಿಂತ ರಸ್ತೆಗೆ ಇಳಿಯಬೇಡಿ, ಗುಂಡಿ, ತೆರೆದ ಮ್ಯಾನ್‌ಹೋಲ್ ಯಾವುದೂ ಕಾಣುವುದಿಲ್ಲ. ನೆನೆದ ದಿನ ಸಂಜೆಯೇ ಚೈನ್ ಒರೆಸಿ, ಕೊಂಡಿಗೆ ಒಂದು ಹನಿಯಂತೆ ಚೈನ್ ಆಯಿಲ್ ಬಿಟ್ಟು, ಹೊರಗಿನ ಜಿಡ್ಡು ಬಟ್ಟೆಯಿಂದ ತೆಗೆಯಿರಿ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಹಾಕಿದರೆ ಅಂಟಾಗಿ ಧೂಳು ಹಿಡಿಯುತ್ತದೆ. ಹೊಸ ಸೈಕಲ್‌ನ ಬ್ರೇಕ್, ಗೇರು ಕೇಬಲ್ ಮೊದಲ ತಿಂಗಳಲ್ಲೇ ಸಡಿಲವಾಗುತ್ತವೆ. ಆಗ ಅಂಗಡಿಗೆ ಒಯ್ದು ಕೇಬಲ್ ಬಿಗಿ ಮಾಡಿಸಿ, ಚಕ್ರದ ಕಡ್ಡಿಗಳನ್ನೂ ನೋಡಿಸಿ.