ಒಂದು ಬಿಟ್ಟು ಒಂದು: ಜೋಡಿ ಬದಲಾಗುವ ಕುಣಿತವನ್ನು ನಾನು ಕಟ್ಟಿದ ಬಗೆ

ಇಂಗ್ಲಿಷ್ ಕಂಟ್ರಿ ಡ್ಯಾನ್ಸ್ ಅಂದರೆ ಜೋಡಿ ಜೋಡಿಯಾಗಿ ಕುಣಿಯುವ ಇಂಗ್ಲೆಂಡಿನ ಹಳೇ ಗುಂಪು ಕುಣಿತ. ಅದರಲ್ಲಿ ಜೋಡಿ ಬದಲಾಗುವ ಕುಣಿತಕ್ಕೆ ಮಿಕ್ಸರ್ ಅನ್ನುತ್ತಾರೆ. ಮಿಕ್ಸರ್ ಅಂದರೆ ಸುಲಭದ್ದು ಅಂತಲೇ ಲೆಕ್ಕ. ಸಂಜೆಯ ಶುರುವಿನಲ್ಲಿ ಹೊಸಬರ ಸಂಕೋಚ ಬಿಡಿಸಲು ಒಂದು ಹಾಕುತ್ತಾರೆ. ದೊಡ್ಡ ವೃತ್ತ, ನಾಲ್ಕು ಸರಳ ಚಲನೆ, ಕೊನೆಗೆ ಜೋಡಿಯಲ್ಲಿ ಒಬ್ಬರು ಮುಂದಿನ ಮನೆಗೆ, ಅಂದರೆ ವೃತ್ತದಲ್ಲಿ ಮುಂದಿನ ಜೋಡಿಯ ಜಾಗಕ್ಕೆ. ಯಾರ ಜೊತೆ ಶುರು ಮಾಡಿದ್ದೆವು ಅನ್ನೋದು ಮುಗಿಯುವಷ್ಟರಲ್ಲಿ ಮರೆತೇ ಹೋಗಿರುತ್ತದೆ.

ಕಷ್ಟದ ಕುಣಿತಗಳು ಹೆಚ್ಚಾಗಿ ಬೇರೆ ಥರ. ಅಲ್ಲಿ ಜೋಡಿ ಕೊನೆವರೆಗೂ ಒಂದೇ, ಎದುರು ಸಿಗುವವರು ಮಾತ್ರ ಬದಲಾಗುತ್ತಾರೆ. ನಾನು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಇದ್ದೇನೆ, ಇಲ್ಲಿಗೆ ಬಂದ ಮೇಲೆ ಈ ಕುಣಿತ ಹಿಡಿಸಿತು. ಪಳಗಿದವರಿಗೂ ಬೆವರು ಇಳಿಸುವ ಒಂದು ಮಿಕ್ಸರ್ ಬೇಕು ಅಂತ ತುಂಬಾ ದಿನದಿಂದ ಆಸೆ ಇತ್ತು. ಹೊಸದು ಕಟ್ಟುವುದು ಇಲ್ಲಿ ತಪ್ಪೇನಲ್ಲ. ಜಾನ್ ಪ್ಲೇಫರ್ಡ್ 1651ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಸಂಗ್ರಹದಲ್ಲಿ 105 ಕುಣಿತಗಳಿದ್ದವು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜನಪದ ಹಾಡು, ಕುಣಿತ ಸಂಗ್ರಹಿಸುತ್ತಿದ್ದ ಸೆಸಿಲ್ ಶಾರ್ಪ್ ಅವುಗಳಲ್ಲಿ ಹಲವನ್ನು ಪುಟದಿಂದ ಮತ್ತೆ ನೆಲಕ್ಕೆ ಇಳಿಸಿದರು. ಆಮೇಲೆ ಪ್ಯಾಟ್ ಶಾ ಅಂಥವರು ತಮ್ಮದೇ ಹೊಸ ಕುಣಿತಗಳನ್ನು ಸೇರಿಸಿದರು.

ನನಗೆ ನಾನೇ ಹಾಕಿಕೊಂಡ ಕಟ್ಟು ಒಂದೇ. ಚಲನೆಗಳೆಲ್ಲ ಎಲ್ಲರಿಗೂ ಗೊತ್ತಿರುವಂಥವೇ ಆಗಿರಬೇಕು, ಕಷ್ಟ ಇರಬೇಕಾದ್ದು ‘ಈಗ ನನ್ನ ಜೋಡಿ ಯಾರು’ ಅನ್ನುವುದರಲ್ಲಿ ಮಾತ್ರ. ವಿಚಿತ್ರ ಚಲನೆಗಳನ್ನು ಒಂದರ ಮೇಲೊಂದು ಪೇರಿಸಿ ಕಷ್ಟ ಅನ್ನಿಸುವ ಕುಣಿತಗಳು ನನಗೆ ಹಿಡಿಸುವುದಿಲ್ಲ. ಅದು ಬಾಯಿಪಾಠ, ಕುಣಿತ ಅಲ್ಲ.

ಮೊದಲು ಲೆಕ್ಕ. ವೃತ್ತದಲ್ಲಿ ಎಲ್ಲರೂ ಒಳಗೆ ಮುಖ ಮಾಡಿ ನಿಲ್ಲುತ್ತಾರೆ. ಜೋಡಿಯಲ್ಲಿ ಎಡಕ್ಕೆ ನಿಂತವರನ್ನು ಎಡದವರು ಅನ್ನೋಣ, ಬಲಕ್ಕೆ ನಿಂತವರನ್ನು ಬಲದವರು. ಹಿಂದೆ ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ ನಿಲ್ಲುತ್ತಿದ್ದರು. ಈಗ ಎಷ್ಟೋ ಕಡೆ ಯಾರು ಎಲ್ಲಿ ಬೇಕಾದರೂ ನಿಲ್ಲಬಹುದು. ಒಂದೇ ಪಕ್ಕದವರು ಸರಿದರೆ ಅದು ಮಾಮೂಲಿ ಮಿಕ್ಸರ್. ಇಬ್ಬರೂ ಸರಿಯಬೇಕು ಅಂತ ನನ್ನ ಹಟ: ಕುಣಿತ ಒಂದು ಸಲ ಪೂರ್ತಿ ಆದರೆ ಒಂದು ಸುತ್ತು, ಪ್ರತಿ ಸುತ್ತಿಗೂ ಎಡದವರು ಒಂದು ಮನೆ ಬಲಕ್ಕೆ, ಬಲದವರು ಒಂದು ಮನೆ ಎಡಕ್ಕೆ. ಆಗ ಜೋಡಿಯ ನಡುವೆ ಪ್ರತಿ ಸಲ ಎರಡು ಮನೆ ಅಂತರ ಬೀಳುತ್ತದೆ. ನಾಲ್ಕು ಜೋಡಿ ಇದ್ದರೆ ಎರಡೇ ಸುತ್ತಿಗೆ ಹಳೇ ಜೋಡಿ ವಾಪಸ್, ಮಿಕ್ಕ ಇಬ್ಬರ ಜೊತೆ ಕುಣಿಯುವ ಭಾಗ್ಯವೇ ಇಲ್ಲ. ಆರು ಜೋಡಿ ಇದ್ದರೂ ಅದೇ ಗತಿ, ಮೂವರು ಸಿಕ್ಕರೆ ಮುಗೀತು. ಸಂಖ್ಯೆ ಬೆಸ ಆಗಿರಲೇಬೇಕು. ಐದು ಜೋಡಿ ಇದ್ದರೆ ಐದು ಸುತ್ತಿನಲ್ಲಿ ಐವರ ಜೊತೆಗೂ ಕುಣಿದು, ಐದನೆಯದರ ಕೊನೆಗೆ ಸ್ವಂತ ಜೋಡಿಯ ಜೊತೆ ಸ್ವಂತ ಮನೆಗೇ ಬಂದು ನಿಲ್ಲಬಹುದು. ಏಳು ಜೋಡಿಗೂ ಲೆಕ್ಕ ಕೂಡುತ್ತದೆ, ಆದರೆ ವೃತ್ತ ದೊಡ್ಡದಾಗಿ ಓಡಬೇಕಾಗುತ್ತದೆ.

ಇದನ್ನೆಲ್ಲ ಅಡುಗೆಮನೆ ಮೇಜಿನ ಮೇಲೆ ಅಂಗಿ ಗುಂಡಿ ಇಟ್ಟು ನೋಡಿದೆ. ಒಂದೇ ಬಣ್ಣದ ಎರಡು ಗುಂಡಿ ಅಂದರೆ ಒಂದು ಜೋಡಿ, ದೊಡ್ಡದು ಎಡದವರು, ಚಿಕ್ಕದು ಬಲದವರು. ಕಾಗದದಲ್ಲಿ ಬಾಣ ಹಾಕುವುದಕ್ಕಿಂತ ಇದು ವಾಸಿ. ಗುಂಡಿ ಎಲ್ಲಿ ಒಂದಕ್ಕೊಂದು ತಾಗುತ್ತದೋ ಅಲ್ಲಿ ಜನರೂ ಡಿಕ್ಕಿ ಹೊಡೆಯುತ್ತಾರೆ.

ರಾಗ 32 ಬಾರ್‌ನ (ತಾಳದ 32 ಆವರ್ತದ) ಜಿಗ್, ಅಂದರೆ ಚುರುಕಾದ ಕುಣಿತದ ರಾಗ. ರಾಗದ ಮೊದಲ ಭಾಗ ಎ ಎರಡು ಸಲ, ಎರಡನೇ ಭಾಗ ಬಿ ಎರಡು ಸಲ, ಒಂದೊಂದೂ 8 ಬಾರ್. ಬಾರ್‌ಗೆ ಎರಡು ಹೆಜ್ಜೆ, ಸುತ್ತಿಗೆ 64 ಹೆಜ್ಜೆ.

ಮೊದಲ ಎ: ಎಲ್ಲರೂ ಕೈ ಹಿಡಿದು ಒಳಗೆ ಹೋಗಿ ಹಿಂದಕ್ಕೆ ಬರುವುದು. ಆಮೇಲೆ ಬಲಕ್ಕೆ, ಎಡಕ್ಕೆ ಒಂದೊಂದು ಸೆಟ್ ಹೆಜ್ಜೆ (ಪಕ್ಕಕ್ಕೆ ಇಡುವ ಪುಟ್ಟ ಹೆಜ್ಜೆ) ಹಾಕಿ, ಒಬ್ಬೊಬ್ಬರೇ ತಮ್ಮಷ್ಟಕ್ಕೆ ಒಂದು ಸುತ್ತು ತಿರುಗುವುದು. ಉಸಿರಾಡಲು, ಅಕ್ಕಪಕ್ಕ ಯಾರಿದ್ದಾರೆ ಅಂತ ನೋಡಿಕೊಳ್ಳಲು ಇದು ಸಮಯ.

ಎರಡನೇ ಎ: ಬಲದವರು ಐವರೂ ನಡುವೆ ಬಂದು ಬಲಗೈ ಸೇರಿಸಿ ಸ್ಟಾರ್ ಮಾಡಿ ಪೂರ್ತಿ ಒಂದು ಸುತ್ತು. ಹೊರಗೆ ಬರುವಾಗ ಎಡಗೈ ಖಾಲಿ ಇರುತ್ತದೆ. ಅದನ್ನು ಜೋಡಿಗೆ ಕೊಡದೆ ಇನ್ನೊಂದು ಪಕ್ಕದವರಿಗೆ, ಅಂದರೆ ಕಾರ್ನರ್‌ಗೆ ಕೊಟ್ಟು ತಿರುಗಬೇಕು. ಅಲ್ಲಿಂದ ಬಿಟ್ಟರೆ ಮುಖ ತಾನಾಗಿ ಜೋಡಿಯ ಕಡೆ ಇರುತ್ತದೆ.

ಮೊದಲ ಬಿ: ಇದೇ ಕುಣಿತದ ಜೀವ. ಜೋಡಿಯನ್ನು ಬಲಭುಜದ ಕಡೆಯಿಂದ ದಾಟು, ಮುಂದಿನವರನ್ನು ಎಡಭುಜದ ಕಡೆಯಿಂದ ದಾಟು, ಮೂರನೆಯವರೇ ಹೊಸ ಜೋಡಿ. ಅವರ ಎರಡೂ ಕೈ ಹಿಡಿದು ಒಂದು ಸುತ್ತು. ನಮ್ಮ ಜಡೆ ಕೋಲಾಟ ನೋಡಿದವರಿಗೆ ಈ ಹೆಣಿಗೆ ತಕ್ಷಣ ಅರ್ಥವಾಗುತ್ತದೆ, ಹಗ್ಗ ಒಂದು ಇಲ್ಲ ಅಷ್ಟೇ.

ಎರಡನೇ ಬಿ: ಎಡದವರು ಎಡಗೈ ಸ್ಟಾರ್, ಪೂರ್ತಿ ಸುತ್ತು. ಹೊರಗೆ ಬರುವಾಗ ಬಲಗೈ ಹೊಸ ಜೋಡಿಗೆ. ತಿರುಗಿ, ವೃತ್ತ ಬಿಚ್ಚಿಕೊಂಡರೆ ಮತ್ತೆ ಮೊದಲ ಎ.

ಬಲದವರಿಗೆ ಬಲಗೈ ಸ್ಟಾರ್, ಎಡದವರಿಗೆ ಎಡಗೈ ಸ್ಟಾರ್ ಅನ್ನುವುದು ನೆನಪಿಗೆ ಒಳ್ಳೆಯದಾಯಿತು. ಆದರೆ ನಾನು ನೋಡಿದ್ದು ಓಘವನ್ನು. ಬಲಗೈ ಬಿಟ್ಟ ಮೇಲೆ ಎಡಗೈ, ಆಮೇಲೆ ಬಲಭುಜ, ಆಮೇಲೆ ಎಡಭುಜ. ಮೈ ತೂಗಿಕೊಂಡು ಹೋಗುವ ಕಡೆಗೇ ಮುಂದಿನ ಚಲನೆ ಇದ್ದರೆ ತಲೆ ಜೋಡಿಯ ಲೆಕ್ಕ ಇಟ್ಟುಕೊಳ್ಳಬಹುದು. ಎರಡೂ ಕೈ ಹಿಡಿಯುವುದಕ್ಕೂ ಕಾರಣ ಇದೆ. ಅಲ್ಲಿ ಬರೀ ಬಲಗೈ ಇಟ್ಟು ನೋಡಿದಾಗ ಜನ ಅದೇ ರಭಸದಲ್ಲಿ ನಾಲ್ಕನೆಯವರ ಹತ್ತಿರ ಹೋಗಿಬಿಡುತ್ತಿದ್ದರು. ಎರಡು ಕೈ ಹಿಡಿದರೆ ಬ್ರೇಕ್ ಬೀಳುತ್ತದೆ. ರಾಗ ಆರಿಸುವಾಗಲೂ ಇದೇ ಚಿಂತೆ: ಬಿ ಭಾಗದ ಐದನೇ ಬಾರ್‌ಗೆ ಒಂದು ಗಟ್ಟಿ ಸ್ವರ ಬೀಳಬೇಕು, ಆಗ ಮೂರನೆಯವರ ಕೈ ಸಿಗುವುದು ಕಿವಿಗೇ ಗೊತ್ತಾಗುತ್ತದೆ.

ನಡುವೆ ದಾಟಿ ಹೋದ ಆ ಎರಡನೆಯವರು ಎಲ್ಲಿ ಹೋದರು? ಮುಂದಿನ ಸುತ್ತಿನಲ್ಲಿ ಅವರೇ ನಿಮ್ಮ ಕಾರ್ನರ್. ಗುಂಡಿ ಆಡಿಸುವಾಗ ಇದರಿಂದ ಒಂದು ಮಜಾ ಹೊರಬಿತ್ತು, ನಾನು ಯೋಚಿಸಿ ಇಟ್ಟದ್ದಲ್ಲ. ಮೂರನೇ ಸುತ್ತಿನ ಹೆಣಿಗೆಯಲ್ಲಿ ನೀವು ಎಡಭುಜದಿಂದ ದಾಟಿ ಬಿಡುವವರು ನಿಮ್ಮ ಮೊದಲಿನ ಜೋಡಿಯೇ. ಹಾಗಾಗಿ ನಾಲ್ಕನೇ ಸುತ್ತು ಪೂರ್ತಿ ಅವರು ನಿಮ್ಮ ಪಕ್ಕದಲ್ಲೇ ಇರುತ್ತಾರೆ, ಆದರೆ ತಪ್ಪು ಪಕ್ಕದಲ್ಲಿ. ಎರಡನೇ ಎ ಕೊನೆಗೆ ಎಡಗೈ ಕೊಟ್ಟು ಅವರನ್ನು ತಿರುಗಿಸಿ ಬಿಟ್ಟುಬಿಡಬೇಕು. ಬಿಡೋಕೆ ಮನಸ್ಸೇ ಬರಲ್ಲ! ಕ್ಲಬ್ಬಿನ ಹಿರಿಯ ಹೆಂಗಸೊಬ್ಬರು, ‘ಮನೆಗೆ ಕರ್ಕೊಂಡು ಹೋಗಬೇಕಾದ ಗಂಡ ಇಲ್ಲೇ ಇದ್ದಾನೆ, ನೀನು ನೋಡಿದರೆ ಬಿಡು ಅಂತೀಯಲ್ಲಪ್ಪ’ ಅಂತ ನಕ್ಕರು. ಕುಣಿತ ಮುರಿದು ಬೀಳುವುದೂ ಹೆಚ್ಚಾಗಿ ಇಲ್ಲೇ. ಬದಲಾಯಿಸಿ ಅಂತ ಒಂದಿಬ್ಬರು ಹೇಳಿದರು. ನಾನು ಬದಲಾಯಿಸಲಿಲ್ಲ, ಈ ಕುಣಿತದಲ್ಲಿ ಕಷ್ಟ ಅಂತ ಇರುವುದೇ ಅದು.

ಕಾಲರ್ ಆಗಿ, ಅಂದರೆ ಚಲನೆಗಳನ್ನು ಕೂಗಿ ಹೇಳುವವರಾಗಿ, ಇದನ್ನು ಹೇಳಿಕೊಡುವವರಿಗೆ ಒಂದೆರಡು ಮಾತು. ಸಂಗೀತ ಇಲ್ಲದೆ ಒಂದು ಸಲ ನಡೆಸಿ ತೋರಿಸಿದ ಮೇಲೆ ಎಲ್ಲರನ್ನೂ ಮೊದಲಿನ ಜಾಗಕ್ಕೆ, ಮೊದಲಿನ ಜೋಡಿಗೆ ವಾಪಸ್ ಕಳಿಸಿ, ಇಲ್ಲದಿದ್ದರೆ ಕೊನೆಗೆ ಲೆಕ್ಕ ತಪ್ಪುತ್ತದೆ. ಹೆಣಿಗೆ ಬಂದಾಗ ‘ದಾಟು, ದಾಟು, ಇವರೇ’ ಅಂದರೆ ಸಾಕು, ಜಾಸ್ತಿ ಮಾತು ಬೇಡ. ಕಳೆದುಹೋದವರಿಗೆ ದಾರಿ ಸುಲಭ: ಎಲ್ಲಿ ಖಾಲಿ ಇದೆಯೋ ಅಲ್ಲಿ ನಿಂತುಬಿಡಿ, ಮುಂದಿನ ಎ ಬರುವಷ್ಟರಲ್ಲಿ ಎರಡೂ ಪಕ್ಕದಿಂದ ಕೈ ಸಿಗುತ್ತದೆ.

ನಿಮಿಷಕ್ಕೆ ಸುಮಾರು 112 ಹೆಜ್ಜೆ ವೇಗದಲ್ಲಿ ಒಂದು ಸುತ್ತಿಗೆ 34 ಸೆಕೆಂಡ್. ಐದು ಸುತ್ತು ಮೂರು ನಿಮಿಷದೊಳಗೆ ಮುಗಿದುಹೋಗುತ್ತದೆ, ಅದಕ್ಕೇ ನಾನು ಹತ್ತು ಸುತ್ತು ಹಾಕಿಸುತ್ತೇನೆ. ಮೊದಲ ಐದರಲ್ಲಿ ಗಾಬರಿ, ಮುಂದಿನ ಐದರಲ್ಲಿ ಖುಷಿ. ಹಾಲ್‌ಗೆ 13 ಜೋಡಿ ಬಂದ ದಿನ ಎರಡು ಐದರ ವೃತ್ತ, ಒಂದು ಮೂರರ ವೃತ್ತ ಮಾಡಬಹುದು, ಮೂರಕ್ಕೂ ಹೆಣಿಗೆ ಸರಿಯಾಗಿ ಕೂಡುತ್ತದೆ. ಆದರೆ ಹತ್ತನೇ ಸುತ್ತಿಗೆ ಆ ಮೂರರ ವೃತ್ತದವರು ಯಾರದೋ ಜೋಡಿಯ ಜೊತೆ ನಿಂತಿರುತ್ತಾರೆ. ಎಲ್ಲರೂ ಒಟ್ಟಿಗೆ ಮನೆ ಸೇರಬೇಕು ಅಂದರೆ 15 ಸುತ್ತು ಬೇಕು, ಎಂಟೂವರೆ ನಿಮಿಷ. ಪಿಟೀಲಿನವರನ್ನು ಮೊದಲೇ ಒಂದು ಮಾತು ಕೇಳಿಕೊಳ್ಳಿ.